ಬಚ್ಚಿಯಜ್ಜಿಯ ಮೂಲ ಹುಡುಕಿದ್ದು

ನಾನು ನಿವೃತ್ತ ಡ್ರಾಯಿಂಗ್ ಮಾಷ್ಟ್ರು. ಇದೊಂದು ನೆನಪಿದ್ದರೆ ಮುಂದಿನ ಅನಾಹುತವೆಲ್ಲ ತನ್ನಷ್ಟಕ್ಕೇ ಅರ್ಥವಾಗುತ್ತದೆ. ಲೆಕ್ಕದ ಮಾಷ್ಟ್ರು ನಿವೃತ್ತರಾದರೆ ಮನೆಪಾಠ ಹೇಳುತ್ತಾರೆ. ಪಿ.ಟಿ. ಮಾಷ್ಟ್ರು ನಿವೃತ್ತರಾದರೆ ಬೆಳಿಗ್ಗೆ ವಾಕಿಂಗ್ ಹೋಗಿ ಕಂಡವರಿಗೆಲ್ಲ ಬೆನ್ನು ನೆಟ್ಟಗೆ ಮಾಡಲು ಹೇಳುತ್ತಾರೆ. ಡ್ರಾಯಿಂಗ್ ಮಾಷ್ಟ್ರಿಂದ ಯಾರಿಗೆ ಏನಾಗಬೇಕಿದೆ? ನಾನು ಬ್ರಹ್ಮಾವರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೊಬೈಲು ಉಜ್ಜುತ್ತಿದ್ದೆ.

ಆ ಮೊಬೈಲಿನಲ್ಲಿ ಒಂದು ದಿನ ಅಮೆರಿಕದ ಒಬ್ಬಳು ಅಜ್ಜಿ ಬಂದಳು. ಹಡಗು ಹತ್ತಿ ಬಂದು ಆ ದೇಶದಲ್ಲಿ ಮೊದಲು ನೆಲೆನಿಂತ ತನ್ನ ಮುತ್ತಜ್ಜನ ಮುತ್ತಜ್ಜನನ್ನು, ಹಳೆಯ ಜಾಗದ ಪತ್ರ, ಮನೆತನದ ದಾಖಲೆಗಳನ್ನೆಲ್ಲ ಕೆದಕಿ ಪತ್ತೆಹಚ್ಚಿದಳಂತೆ. ಕಣ್ಣೊರೆಸಿಕೊಂಡು "ನಾನು ಯಾರೆಂದು ಈಗ ಗೊತ್ತಾಯಿತು" ಎಂದಳು. ನನಗೂ ಕಣ್ಣು ಒದ್ದೆಯಾಯಿತು! ಕಡಲು ದಾಟಿ ಬಂದವರ ಮೂಲವೇ ಸಿಗುವುದಾದರೆ, ಒಂದು ಬಸ್ಸು ಹತ್ತಿ ಇಳಿಯುವಷ್ಟರೊಳಗೆ ಹುಟ್ಟಿದೂರೂ ಇರುವ ಊರೂ ಮುಗಿದುಹೋಗುವ ನನ್ನಂಥವನ ಮೂಲ ಸಿಗುವುದು ಯಾವ ಮಹಾ ಕೆಲಸ?

"ಹ್ವಾಯ್, ಅದೆಂತಕೆ ಮರ್ಕುದ್ ನೀವ್?" ಎಂದು ಹೆಂಡತಿ ವಾರಿಜ ಒಳಗಿನಿಂದ ಬಂದಳು.

"ವಾರಿಜಾ, ನಾನ್ ನಮ್ಮ ಮೂಲ ಹುಡುಕ್ತೆ."

"ಮೊದ್ಲ್ ಗ್ಯಾಸಿನ್ ಪುಸ್ತಕ ಹುಡ್ಕಿ ಕೊಡಿ. ಅದ್ ಕಾಣದೆ ವಾರ ಆಯ್ತ್."

ಚರಿತ್ರೆಯ ಬೆಲೆ ಗೊತ್ತಿಲ್ಲದ ಜನ! ನಾನು ಅಂಗಿ ಹಾಕಿಕೊಂಡು ನಾವುಂದದ ಬಸ್ಸು ಹತ್ತಿದೆ.

ನಾವುಂದದಲ್ಲಿರುವುದು ನಮ್ಮ ತಾಯಿಮನೆ. ನಮ್ಮದು ಅಳಿಯಕಟ್ಟು. ಅಂದರೆ ಮನೆತನ ಸಾಗುವುದು ಹೆಣ್ಣಿನಿಂದ. ಗಂಡಸು ಎಷ್ಟು ಮೀಸೆ ತಿರುವಿದರೂ ಅವನ ಮಕ್ಕಳು ಅವನ ಹೆಂಡತಿಯ ಕುಟುಂಬದ ಲೆಕ್ಕಕ್ಕೇ. ಆ ಮನೆಯಲ್ಲಿ ಈಗ ಇರುವುದು ನನ್ನ ಅಕ್ಕ ಸರಸಕ್ಕ, ಅವಳ ಮಗಳು ಶೈಲಾ. ಶೈಲಾಳಿಗೆ ಬೈಂದೂರಿನಲ್ಲಿ ಹೊಲಿಗೆಯಂಗಡಿ. ಅಮ್ಮನನ್ನು ಕೊನೆಯ ತನಕ ನೋಡಿಕೊಂಡವಳು ಅಕ್ಕ. ಹಿತ್ತಿಲಿನ ನಾಗಬನಕ್ಕೆ ದೀಪ ಇಡುವವಳು ಅಕ್ಕ. ನಾನು ವರ್ಷಕ್ಕೊಮ್ಮೆ ಹೋಗಿ ಅವಳು ಮಾಡಿದ ಮೀನುಸಾರು ಉಂಡು, ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದು ಹೇಳಿ ಬರುವವನು.

"ಅಕ್ಕಾ, ನಮ್ಮ ಮೂಲ ಎಲ್ಲಿ?" ಎಂದೆ ಹೊಸ್ತಿಲಲ್ಲೇ.

"ಮೂಲ ಕಟ್ಕಂಡ್ ಎಂತ ಮಾಡ್ತೆ ಮಾಣಿ? ಪಡು ಬದಿ ಮಾಡ್ ಸೋರತ್ತ್, ಅದನ್ನ್ ಕಾಣ್ ಸ್ವಲ್ಪ."

"ನಾನ್ ಚರಿತ್ರೆ ಮಾತಾಡ್ತಿದ್ದೆ, ನೀನ್ ಹಂಚಿನ ಸುದ್ದಿ ಹೇಳ್ತೆ!"

"ಹೌದ್ ಮಾರಾಯಾ, ಚರಿತ್ರೆ ಸೋರುದಿಲ್ಲ" ಎಂದು ಅಕ್ಕ ನನ್ನ ಮುಂದೆ ಚಾ ಇಟ್ಟಳು. ಆಮೇಲೆ ಏನೋ ನೆನಪಾಗಿ, "ಬಚ್ಚಿಯಜ್ಜಿ ಅಂದೇಳಿ ಅಮ್ಮ ಹೇಳ್ತಿತ್ತ್. ಘಟ್ಟದ ಬುಡದಂದ್ ಬಂದ್ ಇಲ್ಲ್ ಕೂಕಂಡದ್ ಅಂಬ್ರ್. ಅದ್ ಬಿಟ್ರೆ ನಂಗೆಂತ ಗೊತ್ತಿಲ್ಲೆ" ಎಂದಳು.

ಅಷ್ಟು ಸಾಕಾಯಿತು. ಹಾಳಾಗುವವನಿಗೆ ದಾರಿಯ ತುದಿ ಸಿಕ್ಕರೆ ಸಾಕಲ್ಲ!

ಹಳೆಯ ಜಾಗದ ದಾಖಲೆಗಳನ್ನು ಇಟ್ಟಿರುವ ಕಚೇರಿಗೆ ಅರ್ಜಿ ಹಾಕಿದೆ. ಅಲ್ಲಿನವರು ಒಳ್ಳೆಯವರು, ಹುಡುಕಿ ಕೊಟ್ಟರು. ನನ್ನನ್ನು ತಡೆಯುವ ಒಬ್ಬ ಕೆಟ್ಟ ಗುಮಾಸ್ತನಾದರೂ ಅಲ್ಲಿ ಇರಬಾರದಿತ್ತೇ ಎಂದು ಈಗ ಅನ್ನಿಸುತ್ತದೆ. ಹಳೆಯ ಕಾಗದದ ನಕಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಅಮಾಸೆಬೈಲು ಹೊಸಮನೆಯಿಂದ ಬಂದು ನಾವುಂದದಲ್ಲಿ ಒಕ್ಕಲಾದ ಬಚ್ಚಿ ಎಂಬ ಹೆಂಗಸಿಗೆ ಮತ್ತು ಅವಳ ಹೆಣ್ಣುಸಂತಾನಕ್ಕೆ ಕಾಯಂ ಆಗಿ ಬಿಟ್ಟುಕೊಟ್ಟ ಜಾಗ, ಪಡುವಲು ಸಮುದ್ರ. ನಾನು ಆ ಕಾಗದವನ್ನು ಕಣ್ಣಿಗೊತ್ತಿಕೊಂಡೆ. ಅದಕ್ಕೆ ಹತ್ತಿದ್ದ ಕಚೇರಿಯ ಧೂಳು ಮೂಗಿಗೆ ಹೋಗಿ ಬ್ರಹ್ಮಾವರ ಬರುವ ತನಕ ಸೀನಿದೆ.

ಮರುದಿನವೇ ಅಮಾಸೆಬೈಲಿಗೆ ಹೊರಟೆ. ಕುಂದಾಪುರದ ಸೀಮೆಯಲ್ಲಿ ಹೊಸಮನೆ ಇಲ್ಲದ ಊರಿಲ್ಲ, ಆ ಹೊಸಮನೆಗಳಲ್ಲಿ ಹೊಸತಾದದ್ದು ಒಂದೂ ಇಲ್ಲ. ದಾರಿಯಲ್ಲಿ ಸಿಕ್ಕಿದವರೊಬ್ಬರು ಒಂದು ಮನೆ ತೋರಿಸಿದರು. ಹೋದೆ. ಬಾಗಿಲಲ್ಲಿ ನಿಂತ ಹಿರಿಯರನ್ನು ತಬ್ಬಿಕೊಂಡು "ನಾನು ನಿಮ್ಮ ಬಚ್ಚಿಯ ಕುಡಿ!" ಎಂದೆ. ಪಾಪ, ಅವರು ಮರ್ಯಾದಸ್ಥರು. ಕುಡಿ ಎಂದು ಹೇಳಿಕೊಂಡು ಬಂದವನನ್ನು ಹೊರಗೆ ನೂಕಲಿಲ್ಲ. ಊಟಕ್ಕೇ ಕೂರಿಸಿದರು. ಊಟದ ನಡುವೆ, ಮನೆಯ ಹಿರೀಕರೊಬ್ಬರು ಮೊನ್ನೆ ತೀರಿಕೊಂಡರು, ಸೂತಕ ನಡೆಯುತ್ತಿದೆ ಎಂದರು. ನಾನು ಅನ್ನ ಕಲಸುವುದನ್ನು ನಿಲ್ಲಿಸಿ ಗಂಭೀರನಾದೆ. ಒಂದೇ ಕುಟುಂಬವಾದ ಮೇಲೆ ಸೂತಕ ನನಗೂ ಬಂತಲ್ಲ!

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. "ಅಕ್ಕಾ, ನಮಗ್ ಸೂತಕ. ಬನಕ್ಕೆ ದೀಪ ಇಡ್ಬೇಡ."

"ಅಯ್ಯೋ ದೇವ್ರೇ, ಯಾರ್ ಹೋಯ್ರ್ ಮಾಣಿ?"

"ನಮ್ಮ ಹಿರಿಯರು."

"ಹೆಸರ್ ಎಂತ?"

ಹೆಸರು ಕೇಳಲು ಮರೆತಿದ್ದೆ. ಆದರೂ ಅಕ್ಕ ತಲೆಗೆ ಮಿಂದು, ಗುರುತೇ ಇಲ್ಲದ ಸತ್ತವರಿಗಾಗಿ ದೀಪ ಇಡುವುದನ್ನು ಬಿಟ್ಟು ಕೂತಳು. ಇತ್ತ ವಾರಿಜಳ ಅಣ್ಣನ ಮಗನ ಮದುವೆ. ನನಗೆ ಸೂತಕ, ನಾನು ಬರುವ ಹಾಗಿಲ್ಲ ಎಂದು ಘೋಷಿಸಿದೆ. ವಾರಿಜ ಸೊಂಟಕ್ಕೆ ಕೈಯಿಟ್ಟು ಒಂದೇ ಪ್ರಶ್ನೆ ಕೇಳಿದಳು.

"ಅವ್ರ ಬಳಿ ಯಾವ್ದ್?"

ಬಳಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಬಳಗದ ಹೆಸರು. ನಮ್ಮಲ್ಲಿ ಸಂಬಂಧದ ಮಾತು ಬಂದರೆ ಮೊದಲು ಕೇಳುವುದೇ ಅದನ್ನು. ಬಳಿ ಒಂದಾದರೆ ಸೂತಕ, ಬೇರೆಯಾದರೆ ಮದುವೆ! ಎಳೆ ಹುಡುಗರಿಗೂ ಗೊತ್ತಿರುವ ಈ ಪ್ರಶ್ನೆಯನ್ನು, ಸಂಶೋಧಕನಾದ ನಾನು, ಎರಡು ಸಲ ಸಾರು ಬಡಿಸಿಕೊಂಡರೂ ಕೇಳಿರಲಿಲ್ಲ. ಅವರ ನಂಬರು ಸಿಕ್ಕಿ ಫೋನು ಮಾಡಿ ಕೇಳುವಾಗ ಎರಡು ದಿನ ಕಳೆದಿತ್ತು. ಬೇರೆ ಬಳಿ. ನಮ್ಮ ಹೊಸಮನೆ ಅಲ್ಲಿಂದ ಇನ್ನೊಂದು ಗುಡ್ಡದಾಚೆ ಇತ್ತಂತೆ, ಈಗ ಅಲ್ಲಿ ಪಾಯವೂ ಇಲ್ಲ.

"ಹಂಗಾರೆ ನೀವ್ ಉಂಡದ್ದ್ ಯಾರ್ ಮನೆ ಊಟ?" ಎಂದಳು ವಾರಿಜ. ಮದುವೆ ಅಷ್ಟರಲ್ಲಿ ಮುಗಿದಿತ್ತು, ಒಬ್ಬಳೇ ಹೋಗಲು ಅವಳಿಗೂ ಮನಸ್ಸಾಗಿರಲಿಲ್ಲ. ಅದಕ್ಕೆಂದು ತೆಗೆದ ಸೀರೆಯನ್ನು ಅವಳು ನನ್ನ ಕಣ್ಣೆದುರೇ ಮಡಚಿ ಕಪಾಟಿನಲ್ಲಿಟ್ಟಳು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮೇಲೆ ಹೋಗಲು ದಾರಿಯಿಲ್ಲದಿದ್ದರೆ ಕೆಳಗೆ ಬರೋಣ ಎಂದುಕೊಂಡೆ. ಬಚ್ಚಿಯಜ್ಜಿಯ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು, ಹೀಗೆ ಜಾಗದ ಕಾಗದಗಳ ಹೆಸರು ಹಿಡಿದು ಊರೂರು ಸುತ್ತಿದೆ. ಈ ಸಲ ಹೊಸ್ತಿಲು ದಾಟುವ ಮೊದಲೇ ಬಳಿ ಕೇಳುತ್ತಿದ್ದೆ. ಕಿರಿಮಂಜೇಶ್ವರದಲ್ಲಿ ಒಂದು ಕವಲು ಸಿಕ್ಕಿತು, ಕುಂದಾಪುರದಲ್ಲಿ ಇನ್ನೊಂದು, ಕೊನೆಗೆ ಬ್ರಹ್ಮಾವರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಮತ್ತೊಂದು! ಕಸದ ಗಾಡಿಯ ಹತ್ತಿರ ದಿನಾ ಜಗಳವಾಡುತ್ತಿದ್ದ ಹೆಂಗಸು ನನಗೆ ತಂಗಿಯಾಗಬೇಕೆಂದು ಆಗಲೇ ತಿಳಿದದ್ದು.

ಎಲ್ಲರೂ ಎಷ್ಟು ಪ್ರೀತಿ ತೋರಿಸಿದರು ಎನ್ನುತ್ತೀರಿ! ಅದರಲ್ಲೂ ಕಿರಿಮಂಜೇಶ್ವರದ ಭಾಸ್ಕರಣ್ಣ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಮನುಷ್ಯ. ನಾನು ಹೋದಾಗಲೆಲ್ಲ ಎಳನೀರು ಕೆತ್ತಿಸಿ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳುತ್ತಿದ್ದ.

"ಮಾಷ್ಟ್ರೆ, ಏಕ್‌ದಂ ದೊಡ್ಡ ಕೆಲ್ಸ ನಿಮ್ದ್. ನಾವುಂದದ್ ಜಾಗ ಈಗಳೂ ಅಜ್ಜಿ ಹೆಸರಂಗೇ ಇತ್ತಾ?"

"ಹೌದ್ ಕಾಣಿ, ಪಾಲೇ ಆಯ್ಲಿಲ್ಲ!"

"ಹೈವೇಯಂದ್ ಎಷ್ಟ್ ದೂರ?"

ನೋಡಿ, ಅಜ್ಜಿಯ ನೆಲದ ಮೇಲೆ ಎಂಥಾ ಭಕ್ತಿ ಎಂದುಕೊಂಡು ನಾನು ನಕ್ಷೆಯನ್ನೇ ಬಿಡಿಸಿ ಕೊಟ್ಟೆ.

ಎಲ್ಲರನ್ನೂ ಒಟ್ಟುಮಾಡಿ ನಾವುಂದದ ನಾಗಬನದಲ್ಲಿ ಒಂದು ಪೂಜೆ ಇಡಿಸಿದೆ. ಅಕ್ಕ "ಅಷ್ಟ್ ಜನಕ್ಕೆ ಬೇಯ್ಸಿ ಹಾಕ್ಕಲ್ಲ ಮಾರಾಯಾ" ಎಂದು ಒಂದು ಸಲ ಹೇಳಿ, ಆಮೇಲೆ ಸೆರಗು ಕಟ್ಟಿ ನಿಂತಳು. ನಾನು ನನ್ನ ಬಾಳಿನ ಶ್ರೇಷ್ಠ ಕೃತಿಯನ್ನು ರಚಿಸಿದೆ. ವಂಶವೃಕ್ಷ! ಬುಡದಲ್ಲಿ ಬಚ್ಚಿಯಜ್ಜಿ, ಎರಡೂ ಬದಿ ಕೊಂಬೆ, ಎಲೆಗೊಂದು ಹೆಸರು, ಹಿನ್ನೆಲೆಯಲ್ಲಿ ಕಡಲು. ನೀರುಬಣ್ಣದಲ್ಲಿ ಬರೆದು, ಫ್ಲೆಕ್ಸ್ ಮಾಡಿಸಿ, ಅಂಗಳದ ಚಪ್ಪರಕ್ಕೆ ಕಟ್ಟಿಸಿದೆ. ಬಂದವರೆಲ್ಲ ಪ್ರಸಾದಕ್ಕಿಂತ ಮೊದಲು ಅದರ ಫೋಟೋ ತೆಗೆದುಕೊಂಡರು. ಭಾಸ್ಕರಣ್ಣ ಒಂದು ಪ್ರತಿಯನ್ನೇ ತಂದು, "ಒಂದ್ ಸಹಿ ಹಾಕಿ ಮಾಷ್ಟ್ರೆ, ಫ್ರೇಮ್ ಹಾಕ್ಸಿ ಮನೆಯಂಗ್ ಇಡ್ತೆ" ಎಂದ. ನನ್ನ ಚಿತ್ರಕ್ಕೆ ಜೀವನದಲ್ಲೇ ಮೊದಲ ಬಾರಿಗೆ ಒಬ್ಬ ಸಹಿ ಕೇಳಿದ್ದ! ಸಹಿ ಹಾಕಿದೆ. ಕೆಳಗೆ ಯಾರೂ ಕೇಳದೆಯೇ, "ದಾಖಲೆಗಳೊಡನೆ ತಾಳೆ ನೋಡಿ ಸ್ವತಃ ರಚಿಸಿದ್ದೇನೆ" ಎಂದೂ ಬರೆದೆ.

ಮಳೆಗಾಲ ಮುಗಿಯುವುದರೊಳಗೆ ಕೋರ್ಟಿನಿಂದ ನೋಟೀಸು ಬಂತು.

ನಾವುಂದದ ಕುಟುಂಬದ ಜಾಗ, ಮನೆ ಪಾಲಾಗಬೇಕೆಂದು ಭಾಸ್ಕರಣ್ಣ ಮತ್ತು ನಾನು ಬೆವರು ಸುರಿಸಿ ಹುಡುಕಿದ ಅಷ್ಟೂ ಜನ ಸೇರಿ ಹಾಕಿದ ದಾವೆ. ಪ್ರತಿವಾದಿ ನಾನೊಬ್ಬನೇ. ಆಧಾರ ಏನು ಗೊತ್ತೇ? ನನ್ನ ಮರ! ಕಪ್ಪು ಬಿಳುಪಿನ ಜೆರಾಕ್ಸಿನಲ್ಲಿ ಕಡಲು ಸೆಗಣಿ ಸಾರಿಸಿದ ಹಾಗೆ ಕಾಣುತ್ತಿತ್ತು. ಜಾಗದಲ್ಲಿ "ಹಕ್ಕಿಲ್ಲದೆ ವಾಸವಿರುವ ಇತರರನ್ನು" ಎಬ್ಬಿಸಬೇಕೆಂದೂ ಬರೆದಿತ್ತು. ಈ ಇತರರು ಯಾರಪ್ಪ, ತೋಟದ ಬದಿಯಲ್ಲಿ ಬಲೆ ಒಣಗಿಸುವವರಿರಬೇಕು ಎಂದುಕೊಂಡೆ.

ಅಕ್ಕನಿಗೆ ಫೋನಿನಲ್ಲಿ ಧೈರ್ಯ ಹೇಳಿದೆ. "ನಿನ್ನ ಹೆಸರೇ ಇಲ್ಲ ಅಕ್ಕ. ಜನ ಕೆಟ್ಟವರಾದ್ರೂ ನಿನ್ನನ್ನ್ ಕೋರ್ಟಿಗೆ ಎಳೀಲಿಲ್ಲ."

"ಮನೆ ಹೋತ್ತಾ ಮಾಣಿ?" ಎಂದಳು ಅಕ್ಕ.

"ಹ್ಯಾಂಗ್ ಹೋತ್ತ್? ನಾನಿದ್ದೆ ಅಲ್ದಾ!" ಎಂದೆ.

ವಕೀಲರನ್ನು ಹಿಡಿದೆ. ಅವರು ಮೊದಲು ಕೇಳಿದ್ದೇ, "ನಿಮ್ಮದು ಯಾವ ಕವರು?"

ನಾನು ಚೀಲದಿಂದ ತೆಗೆದು ಕೊಟ್ಟೆ. "ಕಂದು ಕವರು, ಸಾರ್. ರಿಜಿಸ್ಟ್ರಿ ಪೋಸ್ಟಿನಲ್ಲಿ ಬಂತು."

ವಕೀಲರು ಹಣೆ ಹಿಡಿದುಕೊಂಡರು. ಕವರು ಎಂದರೆ ಅಳಿಯಕಟ್ಟಿನ ಕಾನೂನಿನಲ್ಲಿ ಕುಟುಂಬದ ಕವಲಂತೆ. ಅಷ್ಟು ಹುಡುಕಾಡಿದ ನನಗೆ ಅದೊಂದು ಮಾತು ಗೊತ್ತಿರಲಿಲ್ಲ. "ನಿಮ್ಮ ಕವರಿನಲ್ಲಿ ಯಾರ್ಯಾರಿದ್ದಾರೆ?" ಎಂದರು. "ಎಲ್ಲ ಚಿತ್ರದಲ್ಲಿದೆ ಸಾರ್" ಎಂದು ಬಚ್ಚಿಯಜ್ಜಿ ಘಟ್ಟದ ಬುಡದಿಂದ ಬಂದ ಕತೆ ಶುರುಮಾಡಿದೆ. ಅವರು ಗಡಿಯಾರ ನೋಡಿ ನನ್ನನ್ನು ಕಳಿಸಿದರು.

ಸಾಕ್ಷಿ ಹೇಳುವ ದಿನ ಬಂತು. ಅಕ್ಕನೂ ಶೈಲಾಳೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಟಕಟೆ ಹತ್ತಿದೆ. ಎದುರು ಪಕ್ಷದ ವಕೀಲರು ಎಷ್ಟು ವಿನಯದ ಮನುಷ್ಯ!

"ಮಾಷ್ಟ್ರೇ, ಈ ಚಿತ್ರ ತಮ್ಮದೇ?"

"ನನ್ನದೇ. ನೀರುಬಣ್ಣ."

"ಅದ್ಭುತವಾಗಿದೆ. ಇದರಲ್ಲಿ ತಪ್ಪೇನಾದರೂ?"

"ತಪ್ಪೇ? ಪ್ರತಿಯೊಂದು ಹೆಸರನ್ನೂ ದಾಖಲೆಯೊಡನೆ ತಾಳೆ ನೋಡಿದ್ದೇನೆ!"

"ಬಿಟ್ಟುಹೋದವರು?"

"ಒಂದೆಲೆ ಹೆಚ್ಚಿಲ್ಲ, ಒಂದೆಲೆ ಕಮ್ಮಿಯಿಲ್ಲ" ಎಂದು ಎದೆ ಸೆಟೆದು ಹೇಳಿದೆ. ನಮ್ಮ ವಕೀಲರು ಏನೋ ಕಣ್ಸನ್ನೆ ಮಾಡುತ್ತಿದ್ದರು. ಮೆಚ್ಚುಗೆ ಎಂದುಕೊಂಡೆ.

"ನಿಮ್ಮ ಕವರಿನಲ್ಲಿ ಕೊನೆಯ ಎಲೆ ತಾವೇ ಅಲ್ಲವೇ?"

"ನಾನೇ. ಬಲಗಡೆ, ಮೇಲಿನ ಕೊಂಬೆಯ ತುದಿ."

"ಸ್ವಾಮಿ, ಇದು ನಿಸ್ಸಂತತಿ ಕವರು" ಎಂದು ಅವರು ನ್ಯಾಯಾಧೀಶರತ್ತ ತಿರುಗಿದರು. "ಹೆಣ್ಣುಸಂತಾನವೇ ಇಲ್ಲದ ಕವಲು. ಇವರಿಗೆ ಹೆಚ್ಚೆಂದರೆ ಬದುಕಿರುವ ತನಕ ಅನುಭವಿಸುವ ಹಕ್ಕು. ಆ ಮನೆಯಲ್ಲಿರುವ ಹೆಂಗಸರಿಗೆ ಕುಟುಂಬದೊಡನೆ ಸಂಬಂಧವಿಲ್ಲವೆಂದು ಸಾಕ್ಷಿಯೇ ಒಪ್ಪಿದ್ದಾರೆ."

ನಾನು ಅವರಿಗೆ ಕೈಮುಗಿಯಲು ಎತ್ತಿದ ಕೈ ಅಲ್ಲೇ ನಿಂತಿತು. ಇತರರು!

ನಮ್ಮ ವಕೀಲರು ಎದ್ದರು. ಅವರ ಮುಖ ನೋಡುವ ಹಾಗಿರಲಿಲ್ಲ. "ನಿಮಗೆ ಅಕ್ಕ ಇದ್ದಾರೆಯೇ?"

"ಇದ್ದಾಳೆ. ಅಲ್ಲಿ ಕೂತಿದ್ದಾಳೆ."

"ಅವರ ಹೆಸರು ಚಿತ್ರದಲ್ಲಿ ಯಾಕಿಲ್ಲ?"

ಪ್ರಮಾಣ ಮಾಡಿದ್ದೇನೆ, ಸತ್ಯ ಹೇಳಲೇಬೇಕು. "ಸಾರ್, ಎಡಗಡೆ ಮೂರು ಕೊಂಬೆ ಇತ್ತು. ಬಲಗಡೆ ನಾಲ್ಕಾದರೆ ಚಿತ್ರ ವಾಲುತ್ತಿತ್ತು. ಸಮತೋಲನಕ್ಕೋಸ್ಕರ..."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಆ ಜಾಗದಲ್ಲಿ ಏನೋ ದುಂಡಗೆ ಇದೆಯಲ್ಲ, ಏನದು?"

"ಸೂರ್ಯ" ಎಂದೆ.

ಕೋರ್ಟಿನಲ್ಲಿ ನಕ್ಕವರನ್ನು ಲೆಕ್ಕ ಹಾಕುವ ಧೈರ್ಯ ನನಗಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾತ್ರ ಯಾರೂ ನಗಲಿಲ್ಲ.

ಪೂರಾ ಸತ್ಯ ಬೇಕೇ? ಸಮತೋಲನ ಅರ್ಧ ಸತ್ಯ. ಯಾವುದಾದರೂ ಕೊಂಬೆ ತೆಗೆಯಲೇಬೇಕು ಎಂದಾದಾಗ ಯಾರದನ್ನು ತೆಗೆಯುವುದೆಂದು ಒಂದು ಸಂಜೆಯಿಡೀ ಯೋಚಿಸಿದ್ದೆ. ಭಾಸ್ಕರಣ್ಣನದನ್ನು ಬಿಟ್ಟರೆ ಅವನಿಗೆ ಬೇಸರ. ಹಿಂದಿನ ಓಣಿಯವಳದನ್ನು ಬಿಟ್ಟರೆ ಬೆಳಿಗ್ಗೆ ಎದ್ದು ಜಗಳ. ಅಕ್ಕ ನಮ್ಮವಳೇ ಅಲ್ಲವೇ? ಅವಳ ಹೆಸರು ಬರೆದರೇನು, ಬಿಟ್ಟರೇನು, ಎಲ್ಲಿಗೆ ಹೋಗುತ್ತಾಳೆ! ಹೀಗೆ ಯೋಚಿಸಿ, ಹಳದಿ ಕಲಸಿದ್ದೆ. ಹೆಣ್ಣಿನಿಂದಲೇ ಸಾಗುವ ಮನೆತನದ ಮರ ಬರೆಯಲು ಹೋಗಿ, ನಮ್ಮ ಕವಲಿನಲ್ಲಿ ಇದ್ದೊಂದು ಹೆಣ್ಣುಕೊಂಬೆ ಕಡಿದು, ತುದಿಯಲ್ಲಿ ನಾನು ಕೂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಹೊರಗೆ ಬಂದಾಗ ಅಕ್ಕ ಇರಲಿಲ್ಲ. ಬಸ್ಸು ಹತ್ತಿ ಹೋಗಿದ್ದಳು.

ಈಗ ಅವಳು ನನ್ನ ಅಕ್ಕ ಎಂದು ನಾನೇ ಸಾಬೀತು ಮಾಡಬೇಕು. ಅವಳನ್ನೂ ಶೈಲಾಳನ್ನೂ ದಾವೆಯಲ್ಲಿ ಸೇರಿಸಲು ಅರ್ಜಿ, ಅದಕ್ಕೆ ದಾಖಲೆ. ಘಟ್ಟದ ಬುಡದಿಂದ ಬಂದ ಬಚ್ಚಿಯ ಕಾಗದ ಸಿಕ್ಕಿದ ಊರಿನಲ್ಲಿ ನನ್ನ ಅಕ್ಕನದು ಸಿಗುತ್ತಿಲ್ಲ. ಅವಳ ಆಧಾರ್ ಕಾರ್ಡಿನಲ್ಲಿ ತೀರಿಹೋದ ಗಂಡನ ಹೆಸರಿದೆ. ರೇಷನ್ ಕಾರ್ಡಿನಲ್ಲೂ ಅದೇ. ಶಾಲೆಗೆ ಅವಳು ಹೆಚ್ಚು ಹೋದವಳಲ್ಲ. ನನ್ನನ್ನು ಎತ್ತಿಕೊಳ್ಳಲು ಮನೆಯಲ್ಲಿ ಜನ ಬೇಕಿತ್ತಂತೆ.

ಅರ್ಜಿ ಹಿಡಿದುಕೊಂಡು ನಾವುಂದಕ್ಕೆ ಹೋದೆ. ಅಕ್ಕ ಜಗಲಿಯಲ್ಲಿ ಬಸಳೆ ಸೋಸುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು. ಅಕ್ಕ ನನಗೆ ಎದ್ದು ನಿಂತದ್ದು ಅದೇ ಮೊದಲು.

"ಬನಿ. ಕೂಕಣಿ" ಎಂದಳು.

ಈ ಬಹುವಚನ ಯಾರಿಗೆ ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಅಕ್ಕ ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದು ನನ್ನ ಮುಂದಿಟ್ಟಳು. ದೂರದಿಂದ ಬಂದ ಹೊಸ ನೆಂಟರಿಗೆ ನಮ್ಮಲ್ಲಿ ಇಡುವುದು ಹಾಗೆ.

"ಅಕ್ಕಾ, ಎಂತ ಇದ್? ನಂಗ್ ಬೈಯ್ ಮಾರಾಯ್ತಿ. ಹಾಳಾದವ್ನೇ ಅನ್. ಕೆನ್ನೆಗ್ ಎರಡ್ ಬಿಡ್!"

"ನಿಮ್ಮನ್ನ್ ಎಂತಕೆ ಬೈಲಿ? ಆ ಪೂಜೆ ದಿನವೇ ಕಂಡಿದೆ ನಾನ್. ನನ್ನ ಕಣ್ಣ್ ಸಮ ಕಾಂತಿಲ್ಯಾ ಅಂದೇಳಿ ಶೈಲನ್ ಹತ್ರ ಎರಡ್ ಸಲ ಓದ್ಸ್ದೆ."

"ಆವತ್ತೇ ಹೇಳ್ಕಿತ್ತಲ್ಲ ಅಕ್ಕಾ!"

"ಅಷ್ಟೆಲ್ಲ ಜನ ನಿಮ್ಮನ್ನ್ ಹೊಗಳ್ತಿದ್ರ್. ಅವ್ರೆದುರಿಗ್ ನಿಮ್ಮ ಮರ್ಯಾದಿ ಹೋಪುದ್ ಬ್ಯಾಡ ಅಂದೇಳಿ ಸುಮ್ನಾದೆ."

ನನಗೆ ಅಳು ಬಂತು. ಅಕ್ಕ ಅದನ್ನು ನೋಡಲಿಲ್ಲ, ಅಥವಾ ನೋಡದ ಹಾಗೆ ಮಾಡಿದಳು. ಕನ್ನಡಕ ತರಿಸಿ ಅರ್ಜಿಗೆ ನಿಧಾನವಾಗಿ ಸಹಿ ಹಾಕಿದಳು. ಅದರಲ್ಲಿ ಸಂಬಂಧ ಎಂಬಲ್ಲಿ ಜಾಗ ಖಾಲಿಯಿತ್ತು. ಅಲ್ಲಿ ಬೆರಳಿಟ್ಟು, ಕಾಗದವನ್ನು ನನ್ನ ಕಡೆ ತಿರುಗಿಸಿದಳು.

"ಇದ್ ನೀವೇ ಬರೀನಿ. ನಿಮ್ದ್ ಅಕ್ಷರ ಲಾಯ್ಕ್ ಇತ್ತ್."

ಅಕ್ಕ ಎಂದು ಬರೆದೆ. ಒಂದು ಚೂರೂ ವಾಲದೆ, ದುಂಡಗೆ ಬಂತು.